ರಕ್ತ ಗಟ್ಟಿಯಾದ ಸುದ್ದಿ

ನನ್ನವ್ವನಿಗೆ ಸಂತೋಷವಾದರೆ ಅದು ಓಣಿಗೆಲ್ಲ ಗೊತ್ತಾಗಲೇಬೇಕು. ದುಃಖವನ್ನು ಬೇಕಾದರೆ ಸೆರಗಿನಲ್ಲಿ ಗಂಟು ಹಾಕಿಕೊಂಡು ತಿರುಗಿಯಾಳು, ಸಂತೋಷ ಮಾತ್ರ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೀಗಾಗಿ ರೋಣದ ಡಾಕ್ಟರು ನನ್ನ ರಕ್ತದ ಬಗ್ಗೆ ಹೇಳಿದ ಒಂದು ಮಾತು, ಗಜೇಂದ್ರಗಡದಲ್ಲಿ ನಾನು ಮೋಟಾರಿನಿಂದ ಇಳಿದು ಎಂಟು ತಿಂಗಳ ಹೊಟ್ಟೆ ಹೊತ್ತು ಮನೆ ಮುಟ್ಟುವಷ್ಟರಲ್ಲಿ, ಹತ್ತು ಬಾಗಿಲು ದಾಟಿ ನನಗಿಂತ ಮೊದಲೇ ಮನೆ ಸೇರಿತ್ತು. ಹೊಸ್ತಿಲಲ್ಲಿ ನಿಂತ ಹೆಂಗಸರು ನನ್ನನ್ನು ನೋಡಿ ನಕ್ಕರು. ರಕ್ತ ಗಟ್ಟಿ ಐತಂತಲ್ಲವಾ, ಇನ್ನ ಹೆದರಿಕಿಲ್ಲ ಬಿಡು ಎಂದರು. ನಾನೂ ಹೂಂ ಎಂದು ನಕ್ಕೆ.

ಗಟ್ಟಿ ಎಂದರೆ ನಮ್ಮ ಕಡೆ ಒಳ್ಳೆಯ ಮಾತು. ಕಾಳು ಗಟ್ಟಿಯಿರಬೇಕು, ಮೊಸರು ಗಟ್ಟಿಯಿರಬೇಕು, ಸೊಸೆ ಗಟ್ಟಿಯಿರಬೇಕು. ಊರಿಗೆ ಹೊರಟವರಿಗೆ ಅವ್ವ ಹೇಳುತ್ತಿದ್ದದ್ದೂ ಅದನ್ನೇ: ಗಟ್ಟಿ ಇರವಾ. ನನ್ನನ್ನು ನರಗುಂದಕ್ಕೆ ಮದುವೆ ಮಾಡಿ ಕಳಿಸುವಾಗಲೂ ಬಂಡಿಯ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತ ಹಾಗೇ ಹೇಳಿದ್ದಳು. ಡಾಕ್ಟರು ಹೇಳಿದ ಗಟ್ಟಿ ಬೇರೆ, ಅವ್ವ ಕೇಳಿಸಿಕೊಂಡ ಗಟ್ಟಿ ಬೇರೆ. ಆ ಎರಡರ ನಡುವೆ ನನ್ನ ಜೀವ ಸಿಕ್ಕಿಕೊಂಡಿತ್ತು.

ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ನರಗುಂದದ ನನ್ನ ಗಂಡನ ಮನೆಯವರು ಹತ್ತಿ ವ್ಯಾಪಾರದವರು, ಮಾತು ಕಡಿಮೆ, ಊಟ ಜೋರು. ಅಲ್ಲಿ ಎರಡು ವರ್ಷದಲ್ಲಿ ನಾನು ಎರಡು ಕೂಸು ಕಳೆದುಕೊಂಡೆ. ಮೊದಲನೆಯದು ಏಳು ತಿಂಗಳಿಗೆ ಹೋಯಿತು. ಎರಡನೆಯದು ತುಂಬಿದ ದಿನಕ್ಕೇ ಹುಟ್ಟಿತು, ನೋಡಿದವರು ಹುಬ್ಬೇರಿಸುವಷ್ಟು ದೊಡ್ಡದಾಗಿತ್ತು, ಆದರೆ ಅಳಲಿಲ್ಲ. ಬಚ್ಚಲಿಗೆ ಇರುವೆ ಮುತ್ತುತ್ತವೆಂದೂ, ಸೊಸೆ ಕದ್ದು ಬೆಲ್ಲ ತಿಂದು ಚೆಲ್ಲುತ್ತಾಳೆಂದೂ ಅತ್ತೆ ಗೊಣಗುತ್ತಿದ್ದರು. ಬೆಲ್ಲ ಹೊರಗಿನದಲ್ಲ, ನನ್ನ ಮೈಯೊಳಗಿನದೇ ಎಂದು ತಿಳಿದದ್ದು ಎರಡನೆಯ ಕೂಸೂ ಹೋದ ಮೇಲೆ. ಸಕ್ಕರೆ ರೋಗ ಮುದುಕ ಸಾಹುಕಾರರಿಗೆ ಬರುವುದೆಂದು ಎಲ್ಲರೂ ತಿಳಿದಿದ್ದರು. ಇಪ್ಪತ್ತೆರಡರ ನನಗೆ ಬಂದದ್ದನ್ನು ಅತ್ತೆ ಕೊನೆಯವರೆಗೂ ನಂಬಲಿಲ್ಲ.

ಮೂರನೆಯ ಸಲ ಬಸಿರು ನಿಂತಾಗ ಅವ್ವ ತಾನೇ ನರಗುಂದಕ್ಕೆ ಬಂದಳು. ಬಂದವಳು ಬೀಗಿತ್ತಿಯ ಜೊತೆ ಕೂತು ಊಟ ಮಾಡಿದಳು, ಎಲೆ ಅಡಿಕೆ ಹಾಕಿಕೊಂಡಳು, ಆಮೇಲೆ ನನ್ನ ಟ್ರಂಕು ಎತ್ತಿಸಿದಳು. ಸೀಮಂತದ ಕುಬಸ ಆಗುವ ತನಕವಾದರೂ ಇರಲಿ ಎಂದು ಅತ್ತೆ ಹೇಳಿದರೆ ಕುಬಸ ನಮ್ಮಲ್ಲೇ ಮಾಡುತ್ತೇನೆ ಎಂದಳು. ಈ ಕೂಸು ಅಳಬೇಕು, ಅಷ್ಟೇ ಅವಳ ಹಟ.

ಅಪ್ಪನದು ನೂಲಿನ ವ್ಯಾಪಾರ. ನಮ್ಮ ಓಣಿಯ ತುಂಬ ಮಗ್ಗಗಳು, ಮನೆಯೊಳಗೆ ಬಣ್ಣದ ನೂಲಿನ ಗಂಟುಗಳು. ಓದು ಬಾರದ ಅವ್ವನಿಗೆ ಬಣ್ಣ ಚೆನ್ನಾಗಿ ಬರುತ್ತಿತ್ತು. ರೋಣದ ಡಾಕ್ಟರು ನನ್ನ ಮೂತ್ರ ಪರೀಕ್ಷೆಗೆಂದು ಒಂದು ಗಾಜಿನ ನಳಿಗೆ, ನೀಲಿ ಮದ್ದಿನ ಸೀಸೆ, ಸ್ಪಿರಿಟ್ಟಿನ ದೀಪ ಕೊಟ್ಟಿದ್ದರು. ನೀಲಿ ಮದ್ದಿಗೆ ಎಂಟು ಹನಿ ಹಾಕಿ ಕಾಯಿಸಿದರೆ ಸಕ್ಕರೆ ಇಲ್ಲದಿದ್ದಾಗ ನೀಲಿಯೇ ಉಳಿಯುತ್ತದೆ, ಇದ್ದರೆ ಹಸಿರು, ಹಳದಿ, ತೀರಾ ಹೆಚ್ಚಾದರೆ ಇಟ್ಟಿಗೆ ಕೆಂಪು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ನಾನು ನೋಡಿ ಹಸಿರು ಎನ್ನುತ್ತಿದ್ದೆ. ಅವ್ವ ನಳಿಗೆಯನ್ನು ಬೆಳಕಿಗೆ ಹಿಡಿದು, ಹಸಿರಲ್ಲ ಇದು, ಗಿಳಿ ಹಸಿರು, ನಾಳೆ ಹಳದಿಗೆ ತಿರುಗುವ ಬಣ್ಣ ಎಂದು ಅಂದೇ ನನ್ನ ಅನ್ನ ಕಡಿಮೆ ಮಾಡುತ್ತಿದ್ದಳು. ಅವಳ ಮಾತು ತಪ್ಪುತ್ತಿರಲಿಲ್ಲ. ಸಕ್ಕರೆ ಇಳಿಸುವ ಸೂಜಿಮದ್ದಿನ ಸೀಸೆಯನ್ನು ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಪಕ್ಕ ಮರಳಿನಲ್ಲಿ ಹುಗಿದಿಡುತ್ತಿದ್ದಳು. ಸೂಜಿ ಚುಚ್ಚುವಾಗ ಅವಳೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನಾನು ಕಣ್ಣು ತೆರೆಯಲು ಹೇಳಿ ಬೈಯುತ್ತಿದ್ದೆ.

ಹದಿನೈದು ದಿನಕ್ಕೊಮ್ಮೆ ರಾಜೂರಿನ ಮೇಲೆ ಹಾದು ರೋಣಕ್ಕೆ ಹೋಗುತ್ತಿದ್ದೆವು. ಡಾಕ್ಟರು ವಯಸ್ಸಾದವರು, ಮೇಜಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡು ಅದನ್ನು ದಿನಾ ಒರೆಸುತ್ತಿದ್ದರು. ಎಂಟನೆಯ ತಿಂಗಳಲ್ಲಿ ನನ್ನ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಬಹಳ ಹೊತ್ತು ಅದರೊಳಗೆ ನೋಡಿದರು. ಆಮೇಲೆ ಅವ್ವನನ್ನು ಕೂಡಿಸಿ ಹೇಳಿದರು. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿಲ್ಲೆಗಳಿರುತ್ತವೆ, ಗಾಯವಾದ ಕಡೆ ಅವು ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುತ್ತವೆ. ಹೆತ್ತ ಮೇಲೆ ಎಲ್ಲ ಹೆಂಗಸರಿಗೂ ಅವು ಹೆಚ್ಚಾಗುತ್ತವೆ, ಸಕ್ಕರೆ ಇದ್ದವಳಿಗೆ ಬೇಡವಾದ ಕಡೆಯೂ ಅಂಟಿಕೊಳ್ಳುವ ಚಾಳಿ ಇರುತ್ತದೆ ಎಂದರು. ಅವ್ವ ಕಣ್ಣರಳಿಸಿ ಕೇಳಿದಳು. ಕೊನೆಗೆ ಅವಳಿಗೆ ತಿಳಿಯಲೆಂದು ಡಾಕ್ಟರು ಸುಲಭ ಮಾಡಿ ಹೇಳಿದರು:

"ಅವ್ವಾರ, ಹಡದ ಮ್ಯಾಲೆ ಈಕಿ ರಕ್ತ ಗಟ್ಟಿ ಆಗತೈತಿ. ಲಗೂನ ಎಬ್ಬಿಸಿ ಅಡ್ಡಾಡಸ್ರಿ."

ಸುಲಭ ಮಾಡಿದ್ದೇ ಕೆಟ್ಟಿತು. ಬಿಲ್ಲೆ ಅಂಟು ಎಲ್ಲ ಅಲ್ಲೇ ಉಳಿಯಿತು, ಗಟ್ಟಿ ಒಂದೇ ನಮ್ಮ ಜೊತೆ ಮೋಟಾರು ಹತ್ತಿತು. ಎರಡು ಕೂಸು ಕಳೆದುಕೊಂಡು ಬಿಳಿಚಿಕೊಂಡಿದ್ದ ಮಗಳ ರಕ್ತ ಗಟ್ಟಿಯಾಗುತ್ತದೆಂದು ಡಾಕ್ಟರೇ ಹೇಳಿದ ಮೇಲೆ ತಾಯಿಗೆ ಇನ್ನೇನು ಬೇಕು. ಅಡ್ಡಾಡಿಸಿ ಎಂದದ್ದು ಇಬ್ಬರಿಗೂ ಕೇಳಿಸಿತ್ತು. ನಲವತ್ತು ದಿನದ ಬಾಣಂತನ ಕಳೆದ ಮೇಲಿನ ಮಾತು ಅದು ಎಂದು ಇಬ್ಬರೂ ತಿಳಿದೆವು. ತಪ್ಪನ್ನೆಲ್ಲ ಅವ್ವನ ಮೇಲೆ ಹಾಕಿ ನಾನು ಜಾಣೆಯಾಗಲಾರೆ. ಮುಲ್ಕಿ ಪಾಸಾದ ನನಗೂ ತಿಳಿದದ್ದು ಅಷ್ಟೇ.

ಹೆರಿಗೆ ರೋಣದ ದವಾಖಾನೆಯಲ್ಲೇ ಆಯಿತು. ಬೆಳಗಿನ ಹೊತ್ತು, ಕಿಟಕಿಯ ಹೊರಗೆ ಅಸೂಟಿಯ ಕಡೆಯಿಂದ ಬಂದ ಕಡಲೆಯ ಬಂಡಿಗಳ ಸದ್ದು ಕೇಳುತ್ತಿತ್ತು. ಕೂಸು ದಪ್ಪಗಿತ್ತು, ಹೆಣ್ಣು. ಬಾಗಿಲಾಚೆ ನಿಂತಿದ್ದ ಅವ್ವ ಗಂಡೋ ಹೆಣ್ಣೋ ಎಂದು ಕೇಳಲಿಲ್ಲ, ಅತ್ತಿತೇನ್ರಿ ಎಂದು ಕೇಳಿದಳು. ಕೂಸೇ ಉತ್ತರ ಕೊಟ್ಟಿತು, ಅದೂ ದವಾಖಾನೆಗೆಲ್ಲ ಕೇಳುವಂತೆ. ಆ ಗಂಟಲು ಅಜ್ಜಿಯದೇ ಎಂದು ನನಗೆ ಅಂದೇ ಗೊತ್ತಾಯಿತು.

ಆರನೆಯ ದಿನ ಡಾಕ್ಟರು ಮಕ್ಕಳಿಗೆ ಸಿಡುಬಿನ ದೇವಿ ಹಾಕಲು ಬೆಳವಣಕಿಯ ಕಡೆ ಹಳ್ಳಿಗಳಿಗೆ ಹೋಗಿದ್ದರು. ಅವರು ಬರುವ ತನಕ ಇರಲಿ ಎಂದು ಕಂಪೌಂಡರ್ ಹೇಳಿದ. ಅವ್ವನಿಗೆ ತಾಳ್ಮೆ ಇರಲಿಲ್ಲ. ಮನೆಯಲ್ಲಿ ಬಾಣಂತಿ ಕೋಣೆ ಸಾರಿಸಿ ಇಟ್ಟು ಬಂದಿದ್ದಳು, ರಕ್ತ ಗಟ್ಟಿಯಿದ್ದ ಮಗಳಿಗೆ ದವಾಖಾನೆ ಯಾಕೆ ಎಂದಳು. ಹೀಗೆ ಗಜೇಂದ್ರಗಡಕ್ಕೆ ಬಂದೆವು.

ಆ ಕೋಣೆಯಲ್ಲಿ ಕಳೆದ ದಿನಗಳನ್ನು ನಾನು ಹೇಗೆ ಮರೆಯಲಿ. ಹೊರಸಿನ ಕೆಳಗೆ ಕೆಂಡದ ಕುಂಪಟಿ, ಅದರ ಮೇಲೆ ಲೋಬಾನ, ಮೂಲೆಯಲ್ಲಿ ಬಜೆ ತೇಯುವ ಕಲ್ಲು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಬೆಳಿಗ್ಗೆ ಎಣ್ಣೆ ಹಚ್ಚಿ ಸುಡುವ ನೀರು ಹಾಕಿ, ಹೊರಸಿನ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ಏಳಬೇಡ ಎಂದು ಗದರಿ ಹೋಗುತ್ತಿದ್ದಳು. ನೀರು ಕುಡಿಯಲೂ ಏಳಗೊಡುತ್ತಿರಲಿಲ್ಲ. ಅಡಿಗೆ ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು, ಓಣಿಯಿಂದ ಮಗ್ಗದ ಸದ್ದು. ಮಗ್ಗುಲಲ್ಲಿ ಕೂಸಿನ ಬಿಸಿ ಉಸಿರು. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ. ಜೀವಕ್ಕೆ ಅಪಾಯ ಹತ್ತಿರವಾಗುತ್ತಿದ್ದದ್ದೂ ಅದೇ ದಿನಗಳಲ್ಲಿ ಎಂಬುದು ಈಗ ನೆನೆದರೆ ವಿಚಿತ್ರವೆನಿಸುತ್ತದೆ, ಆದರೂ ಆ ದಿನಗಳ ಮೇಲಿನ ಆಸೆ ನನಗೆ ಕಡಿಮೆಯಾಗಿಲ್ಲ.

ಒಂದು ಕೊರತೆ ಮಾತ್ರ ಇತ್ತು. ಬಾಣಂತಿಗೆಂದು ಅಂಟಿನ ಉಂಡೆ ಕಟ್ಟಿ ಡಬ್ಬಿ ತುಂಬಿಸಿದ್ದರು, ಹುರಿದ ಅಂಟು, ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ. ಬಂದವರೆಲ್ಲ ತಿಂದರು, ಬಾಣಂತಿಯೊಬ್ಬಳಿಗೆ ಇಲ್ಲ. ಒಂಬತ್ತನೆಯ ದಿನ ಅವ್ವ ಬಾವಿಗೆ ಹೋದಾಗ ಡಬ್ಬಿ ಎಟುಕಿಸಿಕೊಂಡು ಒಂದು ಉಂಡೆ ತಿಂದೆ. ಸಂಜೆ ನಳಿಗೆ ಇಟ್ಟಿಗೆ ಕೆಂಪಾಯಿತು. ಅವ್ವ ನಳಿಗೆ ನೋಡಿದಳು, ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು.

ಹನ್ನೆರಡನೆಯ ದಿನ ಎಡಗಾಲಿನ ಮೀನಖಂಡದಲ್ಲಿ ಜಗ್ಗಿದಂತಾಯಿತು. ಮಲಗಿ ಮಲಗಿ ಹೀಗಾಗಿದೆ ಎಂದುಕೊಂಡೆ. ಮರುದಿನ ಕಾಲು ಬಾತಿತ್ತು, ಬೆಳ್ಳಗೆ ಹೊಳೆಯುತ್ತಿತ್ತು. ಎಣ್ಣೆ ಹಚ್ಚಲು ಕೂತ ಅವ್ವ ಮುಟ್ಟಿ ನೋಡಿ, ಕಾಲಾಗ ಸೈತ ಗಟ್ಟಿ ಬಂತು ನೋಡವಾ ಎಂದು ಸಂತೋಷಪಟ್ಟಳು. ಅವಳ ಸಂತೋಷ ಕೆಡಿಸಬಾರದೆಂದು ನೋವು ನುಂಗಿದೆ. ಅವಳು ನನ್ನ ಕಾಲನ್ನು ತಿಕ್ಕಲು ತೊಡೆಯ ಮೇಲೆ ಎಳೆದುಕೊಂಡಳು. ಎಣ್ಣೆ ಬಟ್ಟಲಲ್ಲಿ ಕೈ ಅದ್ದಿದ್ದಳು, ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು.

ಬಂದವರು ಡಾಕ್ಟರು. ರಾಜೂರಿನವರೆಗೆ ಮೋಟಾರಿನಲ್ಲಿ ಬಂದು ಅಲ್ಲಿಂದ ಯಾರದೋ ಸೈಕಲ್ಲು ತುಳಿದುಕೊಂಡು, ಹೇಳದೆ ಹೋದ ಬಾಣಂತಿಯನ್ನು ನೋಡಲು ಬಂದಿದ್ದರು. ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದವರು ಅವ್ವನ ಕೈಯಲ್ಲಿ ಎಣ್ಣೆ ನೋಡಿ, ನನ್ನ ಕಾಲು ನೋಡಿ, ಅಲ್ಲೇ ನಿಂತರು. ತಿಕ್ಕಿದಿರೇನು ಎಂದು ಕೇಳಿದರು. ಇನ್ನೂ ಇಲ್ಲ ಎಂದಳು ಅವ್ವ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದು ಉಸಿರು ಬಿಟ್ಟರು.

ಆಮೇಲೆ ಕಾಲು ಪರೀಕ್ಷಿಸಿದರು. ಯಾವಾಗಿನಿಂದ ಮಲಗಿದ್ದಾಳೆ ಎಂದು ಕೇಳಿದರೆ, ಬಂದಾಗಿನಿಂದ ಏಳಗೊಟ್ಟಿಲ್ಲ ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ಅಡ್ಡಾಡಿಸಿ ಎಂದು ಹೇಳಿರಲಿಲ್ಲವೇ ಎಂದರೆ, ರಕ್ತ ಗಟ್ಟಿಯಾದವಳಿಗೆ ಅವಸರ ಯಾಕೆ ಎಂದಳು. ಡಾಕ್ಟರು ಅವಳ ಮುಖವನ್ನೇ ನೋಡಿದರು. ಅವರಿಗೆ ಆಗ ತಿಳಿಯಿತು. ಬೈಯಲಿಲ್ಲ, ನೆಲದ ಮೇಲೆ ಅವಳೆದುರಿಗೇ ಕೂತರು.

"ಗಟ್ಟಿ ಅಂದ್ರ ಶಕ್ತಿ ಅಲ್ರಿ ಅವ್ವಾರ. ಹರಿಯೂ ರಕ್ತ ಹೆಪ್ಪುಗಟ್ಟೇತಿ, ಕಾಲಾಗ ನಿಂತೇತಿ. ತಿಕ್ಕಿದ್ರ ಕಿತ್ತು ಎದಿಗೆ ಹೋಗತಿತ್ತು. ಹ್ವಾದ್ರ ನನ್ನ ಕೈಯಾಗ ಏನೂ ಇಲ್ಲ."

ಅವ್ವ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು. ಹೊಸ ಸೀರೆ ಕೆಟ್ಟುಹೋಯಿತು, ಆ ಕಲೆ ಆಮೇಲೆ ಹೋಗಲಿಲ್ಲ, ಅವಳು ಆ ಸೀರೆಯನ್ನು ಮತ್ತೆ ಉಡಲೂ ಇಲ್ಲ.

ಬಂಡಿಯಲ್ಲಿ ಹುಲ್ಲು ಹಾಸಿ, ಕಾಲ ಕೆಳಗೆ ದಿಂಬಿಟ್ಟು, ಕುಲುಕದಂತೆ ಎತ್ತುಗಳ ಮೂಗುದಾರ ಹಿಡಿದು ನಡೆಸಿಕೊಂಡು ನನ್ನನ್ನು ರೋಣಕ್ಕೆ ಒಯ್ದರು. ರಕ್ತ ತೆಳ್ಳಗೆ ಮಾಡುವ ಸೂಜಿಮದ್ದನ್ನು ಡಾಕ್ಟರು ಹುಬ್ಬಳ್ಳಿಯಿಂದ ತರಿಸಿದರು. ಹತ್ತು ದಿನ ಕಾಲು ಮೇಲೆ ಮಾಡಿ ಮಲಗಿದೆ. ನಾನು ಕೆಮ್ಮಿದರೆ ಅವ್ವ ಎದ್ದು ನಿಲ್ಲುತ್ತಿದ್ದಳು. ಹತ್ತು ದಿನವೂ ಅವಳು ಯಾರೊಂದಿಗೂ ಮಾತಾಡಲಿಲ್ಲ. ಪಕ್ಕದ ಮಂಚದವರು ಏನಾಗಿದೆ ಎಂದು ಕೇಳಿದರೆ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ನನ್ನವ್ವ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು, ಮತ್ತು ನನಗೆ ಭಯ ಹುಟ್ಟಿಸಿದ್ದು ಕಾಲಿಗಿಂತ ಅದೇ.

ಬಾವು ಇಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಈ ಸಲ ಬಿಡಿಸಿ ಬಿಡಿಸಿ ಹೇಳಿದರು. ದಿನಾ ಬೆಳಿಗ್ಗೆ ಸಂಜೆ ನಡೆಯಬೇಕು. ಬಿಲ್ಲೆಗಳು ಅಂಟಿಕೊಳ್ಳುವುದು ಕಡಿಮೆಯಾಗಲು ಇನ್ನೂ ಕೆಲವು ವಾರ ಬೇಕು, ಅಲ್ಲಿಯ ತನಕ ಒಂದೇ ಕಡೆ ಬಿದ್ದಿರಬಾರದು. ಅವ್ವ ಪ್ರತಿಯೊಂದು ಮಾತನ್ನೂ ತಿರುಗಿ ಹೇಳಿ, ಹೌದ್ರಿಲ್ಲೋ ಎಂದು ಕೇಳಿ ಒಪ್ಪಿಸಿಕೊಂಡಳು. ಹಾಗಿದ್ದರೂ ಅಂಟು ಎಂಬ ಮಾತು ಅವಳನ್ನು ಬಿಡಲಿಲ್ಲ. ಮನೆಗೆ ಬಂದವಳೇ ಅಡಿಗೆ ಮನೆಯಲ್ಲಿ ಉಳಿದಿದ್ದ ಅಂಟನ್ನೆಲ್ಲ ತಿಪ್ಪೆಗೆ ಸುರಿದಳು. ಮಗಳು ಕದ್ದು ತಿಂದ ಒಂದೇ ಉಂಡೆಯ ಅಂಟು ಕಾಲಿಗೆ ಇಳಿಯಿತೆಂದು ಅವಳ ಲೆಕ್ಕ. ಅಂಟಿಲ್ಲದ ಉಂಡೆ ಕಟ್ಟಿ, ಇನ್ನ ತಿನ್ನು ಎಂದು ತಂದುಕೊಟ್ಟಳು. ಬೆಲ್ಲ ಮಾತ್ರ ಮೊದಲಿನಷ್ಟೇ ಇತ್ತು. ನಾನು ನಕ್ಕು ನಕ್ಕು ಅತ್ತೆ. ಯಾಕೆ ನಗುತ್ತೇನೆಂದು ಹೇಳಿದ ಮೇಲೆ ಅವಳೂ ನಕ್ಕಳು, ಹತ್ತು ಹನ್ನೆರಡು ದಿನಗಳ ನಂತರ ಮೊದಲ ಸಲ.

ಮರುದಿನ ಬೆಳಿಗ್ಗೆ ಅವಳು ಕೂಸನ್ನು ಬಗಲಲ್ಲಿ ಇಟ್ಟುಕೊಂಡು ನನ್ನನ್ನು ಓಣಿಗೆ ಕರೆತಂದಳು. ನಮ್ಮ ಅಂಗಳ ಎಂಟು ಹೆಜ್ಜೆಗೆ ಮುಗಿಯುತ್ತಿತ್ತು. ಓಣಿಯಲ್ಲಿ ನೇಕಾರರು ಬೆಳಗಿನ ಹೊತ್ತು ಹಾಸು ಹಾಕುತ್ತಿದ್ದರು. ಸೀರೆಯ ಉದ್ದದ ನೂಲನ್ನು ಈ ತುದಿಯ ಗೂಟದಿಂದ ಆ ತುದಿಯ ಗೂಟಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಎರಡೂ ಮಗ್ಗುಲಲ್ಲಿ ನಡೆಯುತ್ತ ಕುಂಚದಿಂದ ಬಿಡಿಸುವ ಕೆಲಸ. ನಿಂತರೆ ಗಂಜಿ ಒಣಗಿ ಎಳೆಗೆ ಎಳೆ ಅಂಟಿಕೊಳ್ಳುತ್ತದೆ, ಅದಕ್ಕೇ ಅವರು ನಿಲ್ಲುತ್ತಿರಲಿಲ್ಲ. ಅವ್ವ ಅದನ್ನು ನೋಡುತ್ತ ನಿಂತಳು. ಜೀವಮಾನವೆಲ್ಲ ನೋಡಿದ್ದನ್ನು ಅವತ್ತು ಹೊಸದಾಗಿ ನೋಡುತ್ತಿದ್ದಳು.

"ಡಾಕ್ಟರು ಇದನ್ನ ಹೇಳಿದ್ರ ನನಗ ಅವತ್ತ ತಿಳಿತಿತ್ತು" ಎಂದಳು. "ನಡಿ."

ತಲೆಗೆ ಬಟ್ಟೆ ಕಟ್ಟಿದ ಹಸಿ ಬಾಣಂತಿ ಹಾಸಿನ ಪಕ್ಕದಲ್ಲಿ ಗೂಟದಿಂದ ಗೂಟಕ್ಕೆ ನಡೆಯುವುದನ್ನು ಓಣಿ ಅದುವರೆಗೆ ಕಂಡಿರಲಿಲ್ಲ. ಗಾಳಿ ಹೊಗುತ್ತದೆ, ದೃಷ್ಟಿ ತಾಗುತ್ತದೆ ಎಂದು ಬಾಗಿಲಿಗೆ ಬಂದವರೆಲ್ಲ ಒಂದೊಂದು ಹೇಳಿದರು. ತಾಯಿಗೆ ತಲೆ ಕೆಟ್ಟಿದೆ ಎಂದೂ ಒಬ್ಬಾಕೆ ಅಂದಳು. ಅವ್ವ ಆಗ ಮಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನನ್ನು ನಡೆಯುತ್ತಿರಲು ಹೇಳಿ ಅವಳು ಮೊದಲ ಬಾಗಿಲಿಗೆ ಹೋದಳು. ಆಮೇಲೆ ಎರಡನೆಯದಕ್ಕೆ. ಸಂತೋಷದ ಸುದ್ದಿ ಹಂಚಿದ್ದ ಹತ್ತೂ ಬಾಗಿಲಿಗೆ ಹೋಗಿ, ಕೂಸನ್ನು ಎದೆಗೆ ಒತ್ತಿಕೊಂಡು, ಅದೇ ಸುದ್ದಿಯನ್ನು ವಾಪಸು ತೆಗೆದುಕೊಂಡಳು.

"ಅವತ್ತ ನಾ ತಪ್ಪ ತಿಳಕೊಂಡು ಹೇಳಿದ್ದೆ. ರಕ್ತ ಗಟ್ಟಿ ಆಗಬಾರದಂತ. ನಿಮ್ಮ ಮನ್ಯಾಗೂ ಬಾಣಂತ್ಯಾರು ಇದ್ರ ಎಬ್ಬಿಸಿ ಅಡ್ಡಾಡಸ್ರಿ, ದವಾಖಾನಿಯವರನ್ನ ಕೇಳ್ರಿ."

ತಪ್ಪು ಮಾಡಿದವರು ಬಹಳ ಜನರಿದ್ದಾರೆ, ಮನೆ ಮನೆಗೆ ಹೋಗಿ ಅದನ್ನು ಹೇಳಿಬಂದವರನ್ನು ನಾನು ಕಂಡಿಲ್ಲ. ನಾನು ಆ ದಿನ ಹನ್ನೊಂದು ಸುತ್ತು ನಡೆದೆ. ನೇಕಾರ ಹೆಂಗಸರು ಕುಂಚ ಎಳೆಯುತ್ತಲೇ ನನಗೆ ಜಾಗ ಬಿಟ್ಟರು. ತಿಂಗಳ ಕೊನೆಗೆ ಇಪ್ಪತ್ತು ಸುತ್ತಾಯಿತು, ಕುಂಚವೂ ನನ್ನ ಕೈಗೆ ಬಂತು.

ಕೂಸಿನ ಐದನೆಯ ತಿಂಗಳಲ್ಲಿ ನನ್ನ ಗಂಡ ಕರೆಯಲು ಬಂದರು. ನರಗುಂದದ ಮೋಟಾರು ಹೊರಡುವ ಹೊತ್ತಿಗೆ ಅವ್ವ ಕಿಟಕಿಯ ಹತ್ತಿರ ಬಂದು ನಿಂತಳು. ಗಟ್ಟಿ ಎಂದು ಬಾಯಿ ತೆರೆದವಳು ಅಷ್ಟಕ್ಕೇ ನಿಲ್ಲಿಸಿದಳು. ಆ ಮಾತು ಅವಳಿಗೆ ಇನ್ನು ಹೊರಡುತ್ತಿರಲಿಲ್ಲ. ಬೇರೆ ಮಾತು ಹುಡುಕಿದಳು.

"ಅಡ್ಡಾಡ್ಕೋಂತ ಇರವಾ" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಹೊರಟವರಿಗೆ ಹೇಳುವ ಮಾತು ಅದೇ ಆಯಿತು. ಯಾಕೆಂದು ಗೊತ್ತಿಲ್ಲದ ಸೊಸೆಯಂದಿರೂ ಮೊಮ್ಮಕ್ಕಳೂ ಹಾಗೇ ಹೇಳುತ್ತಾರೆ. ನನಗೆ ಆಮೇಲೆ ಇನ್ನೊಂದು ಕೂಸಾಯಿತು, ಮೂರನೆಯ ದಿನವೇ ಎದ್ದು ನಡೆದೆ. ಸಕ್ಕರೆ ನನ್ನನ್ನು ಬಿಟ್ಟಿಲ್ಲ, ನಾನೂ ನಡಿಗೆ ಬಿಟ್ಟಿಲ್ಲ.

ಅವ್ವನನ್ನು ಕೊನೆಯ ಸಲ ನೋಡಿದಾಗ ಅವಳು ಸೊಂಟ ಮುರಿದುಕೊಂಡು ಅದೇ ಕೋಣೆಯಲ್ಲಿ ಮಲಗಿದ್ದಳು. ನನ್ನ ತಮ್ಮನ ಮಕ್ಕಳು ಹೊರಸಿನ ಸುತ್ತ ಗದ್ದಲ ಮಾಡುತ್ತಿದ್ದರು, ಅವಳು ಗದರುತ್ತಿದ್ದಳು. ಹೊರಡುವ ಹೊತ್ತಿಗೆ ನಾನು ಅವಳ ಕೈ ಹಿಡಿದು, ರೂಢಿಯ ಬಲದಿಂದ, ಅಡ್ಡಾಡ್ಕೋಂತ ಇರವಾ ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವನಿಗೆ ಸಿಟ್ಟು ಬರಲಿಲ್ಲ. ನನ್ನ ಎಡಗಾಲನ್ನು ಒಮ್ಮೆ ನೋಡಿದಳು.

"ನನ್ನ ಪಾಲಿಂದೂ ನೀನ ಅಡ್ಡಾಡವಾ" ಎಂದಳು.

ಮೋಟಾರಿಗೆ ಇನ್ನೂ ಹೊತ್ತಿತ್ತು. ಓಣಿಯಲ್ಲಿ ಈಗ ಹಾಸು ಹಾಕುವವರು ಕಡಿಮೆ, ಗೂಟಗಳು ಮಾತ್ರ ಉಳಿದಿದ್ದವು. ಚೀಲವನ್ನು ಕಟ್ಟೆಯ ಮೇಲಿಟ್ಟು ಗೂಟದಿಂದ ಗೂಟಕ್ಕೆ ನಡೆದೆ, ಒಂದು ಸುತ್ತು ನನ್ನದು, ಒಂದು ಸುತ್ತು ಅವಳದು.